ಟೋಕನ್ ಹಿಡಿದವಳು

"ಉಚ್ಚಿ ಹೊಯ್ಯಾಕ ಬರ್ತೀರೋ, ಹತ್ತಿ ಹಾಕಾಕ ಬರ್ತೀರೋ? ಒಂದನ್ನ ಹೇಳ್ರಿಲೇ."

ಮ್ಯಾನೇಜರ್ ಮೌನೇಶ ಮೊಬೈಲನ್ನು ನಮ್ಮ ಮುಖದ ಮುಂದೆ ಆಡಿಸಿದ. ಅದರೊಳಗೆ ಮಿಲ್ಲಿನ ಕ್ಯಾಮೆರಾ ಹಿಡಿದ ನಾವೇ ಇದ್ದೆವು, ಇರುವೆಯಷ್ಟು ಇರುವೆಯಷ್ಟು. "ನಿನ್ನಿ ಒಂದ ಪಾಳಿಯಾಗ ಮೂವತ್ತೊಂದು ಸಲ ಇಳದೀರಿ. ಹೊಟ್ಟ್ಯಾಗ ಕೆರಿ ಕಟ್ಟಿಸೀರೇನು?"

"ನಿಮ್ಮ ಮನಿಯಾಗಿನವರು ಎಷ್ಟು ಸಲ ಹೋಗ್ತಾರ್ರೀ ಸರ್?" ಎಂದಳು ಬಸವಂತಮ್ಮ. "ಅದನ್ನೂ ಎಣಿಸಿರಬೇಕಲ್ಲ ನೀವು."

"ಬಾಯಿ ಮುಚ್ಚಲೇ ರಂಡಿ."

ಬಸವಂತಮ್ಮ ಬಾಯಿಗೆ ಸೆರಗು ಕಟ್ಟಿಕೊಂಡಳು. ಹೇಗಿದ್ದರೂ ಕಟ್ಟಿಕೊಳ್ಳಲೇಬೇಕಿತ್ತು, ಯಂತ್ರ ಶುರುವಾಗುವ ಹೊತ್ತು.

ರಾಯಚೂರಿನ ಹೊರಗಿನ ಆ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯಿಂದ ಕಾಳು ಬಿಡಿಸುವ ಇಪ್ಪತ್ತನಾಲ್ಕು ಜಿನ್ನುಗಳಿದ್ದವು. ನಾವು ಹನ್ನೆರಡು ಹೆಂಗಸರು. ಹೆಚ್ಚಿನವರು ಕಲ್ಲೂರಿನಿಂದ ಒಂದೇ ಟಂಟಂ ಆಟೋದಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಬರುತ್ತಿದ್ದೆವು. ತಲೆಗೆ ಎರಡು ಜಿನ್ನು, ಎತ್ತರದ ಹಲಗೆಯ ಮೇಲೆ ನಿಂತು ಹತ್ತಿ ಹಾಕಬೇಕು. ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಯಾರಿಗಾದರೂ ಇಳಿಯಬೇಕಾದರೆ ಪಕ್ಕದವಳ ಭುಜ ತಟ್ಟಿ ಹೋಗುವಳು, ಅವಳು ನಾಲ್ಕಕ್ಕೂ ಹತ್ತಿ ತುಂಬುವಳು. ಒಮ್ಮೆಗೇ ಅಕ್ಕಪಕ್ಕದ ಇಬ್ಬರು ಇಳಿದು ಜಿನ್ನು ಖಾಲಿ ತಿರುಗಬಾರದೆಂದು ಸಾಲಿನ ಮೊದಲಿಗೆ ನಿಂತ ಮುನವ್ವರ್ ಬೀ ಕಣ್ಣಲ್ಲೇ ಸರದಿ ಹಾಕುತ್ತಿದ್ದಳು. ಯಾರಿಗೆ ಮುಟ್ಟಿನ ದಿನ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ರಾತ್ರಿ ಗಂಡನಿಂದ ಸೊಂಟಕ್ಕೆ ಒದೆ ತಿಂದು ಬಂದಿದ್ದಾಳೆ, ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಅವಳನ್ನು ಅಲ್ಲಿ ನಿಲ್ಲಿಸಿದವರೂ ಯಾರೂ ಇಲ್ಲ. ನಮ್ಮ ಸಾಲಿನ ತಹಸೀನ್ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ನಮಗೆಲ್ಲ ಅದೇ ರೂಢಿಯಾಯಿತು.

ಮೌನೇಶ ಕ್ಯಾಮೆರಾ ನೋಡಿ ಮೂವತ್ತೊಂದನ್ನು ಎಣಿಸಿದ್ದ. ಖಾಲಿ ತಿರುಗಿದ ಜಿನ್ನು ಎಷ್ಟು ಎಂದು ಎಣಿಸಿದ್ದರೆ ಒಂದೂ ಸಿಗುತ್ತಿರಲಿಲ್ಲ.

ಅವನು ಎರಡು ಪ್ಲಾಸ್ಟಿಕ್ ಟೋಕನ್ ತಂದ. ಟೋಕನ್ ಇಲ್ಲದೆ ಯಾರೂ ಇಳಿಯುವಂತಿಲ್ಲ, ಹೋದವರು ಐದು ನಿಮಿಷದಲ್ಲಿ ಬರಬೇಕು. ಟೋಕನ್ ಕೊಡಲು ಒಬ್ಬ ಟೀಮ್ ಲೀಡರ್.

"ಉಮಾಶ್ರೀ, ನೀ ಪಿಯುಸಿ ಓದೀದಿ ಅಲ್ಲ? ಬಾ ಇಲ್ಲಿ."

ಕಿತ್ತಳೆ ಬಣ್ಣದ ಜಾಕೆಟ್ಟು. ಬೆನ್ನ ಮೇಲೆ ಬಿಳಿ ಅಕ್ಷರದಲ್ಲಿ ಟೀಮ್ ಲೀಡರ್. ತೊಟ್ಟುಕೊಂಡಾಗ ನನಗೆ ಅಜ್ಜಿಯ ಕಥೆಯ ಆನೆ ನೆನಪಾಯಿತು. ರಾಜ ಸತ್ತ ಊರಲ್ಲಿ ಆನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಬಿಡುತ್ತಿದ್ದರು. ಅದು ಶ್ರೀಮಂತರನ್ನೆಲ್ಲ ದಾಟಿಕೊಂಡು ಬಂದು ಬೀದಿಯಲ್ಲಿ ಕೂತ ಬಡವನ ಕೊರಳಿಗೆ ಮಾಲೆ ಹಾಕುತ್ತಿತ್ತು. ಮರುದಿನದಿಂದ ಆ ರಾಜ ಏನು ಮಾಡಿದ ಎಂದು ಅಜ್ಜಿ ಹೇಳುತ್ತಿದ್ದಳೋ ಇಲ್ಲವೋ, ಅಷ್ಟರಲ್ಲಿ ನನಗೆ ನಿದ್ದೆ ಹತ್ತಿರುತ್ತಿತ್ತು.

ನನ್ನ ಎರಡು ಜಿನ್ನು ಬಸವಂತಮ್ಮನ ತಲೆಗೆ ಬಿದ್ದವು. ನಾನು ಕೆಳಗೆ ನಿಂತೆ.

ಮೊದಲ ದಿನ ಸಂಜೆ ಮೌನೇಶ ನನ್ನನ್ನು ಕರೆದು ಹೇಳಿದ: "ಎರಡೂ ಟೋಕನ್ ಒಮ್ಮಿಗೇ ಕೊಡಬ್ಯಾಡ. ಒಂದು ನಿನ್ನ ಕಿಸೇದಾಗ ಇರಲಿ. ಕೇಳಿದ್ರ ಹೊರಗದಾವು ಅನ್ನು. ಇದಕ್ಕ ಮ್ಯಾನೇಜ್‌ಮೆಂಟ್ ಅಂತಾರ, ತಿಳೀತೇನು?"

ತಿಳಿಯಿತು. ನಾಲ್ಕೇ ದಿನದಲ್ಲಿ ಮೂವತ್ತೊಂದು ಹದಿಮೂರಾಯಿತು. ಮೌನೇಶ ನನಗೆ ಕಚೇರಿಯಲ್ಲಿ ಚಹಾ ಕೊಡಿಸಿದ. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಒಣಗಿದ ತುಟಿಗೆ ಅರಳೆಯ ಎಳೆ ಅಂಟಿ ಎಲ್ಲರಿಗೂ ಬಿಳಿ ಮೀಸೆ ಬಂದಿರುತ್ತಿತ್ತು. ಟಂಟಂನಲ್ಲಿ ಹುಳಿ ವಾಸನೆ. ಬಸವಂತಮ್ಮ ಉರಿ ಉರಿ ಎಂದು ಕಾಲಗಲಿಸಿ ಕೂರುತ್ತಿದ್ದಳು. ಯಾರೂ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಿಲ್ಲ, ನನಗೇ ಒಂದು ಜಾಗ ಬಿಟ್ಟರು. ಅದನ್ನು ಮರ್ಯಾದೆ ಎಂದುಕೊಂಡೆ ನಾನು.

ಖಾಲಾ ಒಮ್ಮೆಯೂ ಟೋಕನ್ ಕೇಳಲಿಲ್ಲ.

ಐದನೆಯ ದಿನ ತಹಸೀನ್ ಬೆಳಗಿನಿಂದ ಮೂರನೆಯ ಸಲ ಬಂದಳು. ಅವಳಿಗೆ ಏಳನೇ ತಿಂಗಳು. ಬಾಯಿ ತೆರೆದು ಕೇಳಲೂ ಇಲ್ಲ, ಹೊಟ್ಟೆಯ ಕೆಳಗೆ ಕೈಯಿಟ್ಟುಕೊಂಡು ಎದುರು ನಿಂತಳು. ನಾನು ಅವಳ ಕಿವಿಯ ಹತ್ತಿರ ಬಾಗಿ ಕೂಗಿದೆ, "ಎರಡೂ ಹೊರಗದಾವು. ತಡಿ."

ಹೇಳುವಾಗ ಕಿಸೆಯಲ್ಲಿದ್ದ ಟೋಕನ್ನಿನ ಅಂಚು ನನ್ನ ಬೆರಳಿಗೆ ಒತ್ತುತ್ತಿತ್ತು.

ಅವಳು ತಿರುಗಿ ಹೋಗಿ ಜಿನ್ನಿಗೆ ಹತ್ತಿ ಹಾಕಿದಳು. ಎರಡು ಮುಟಿಗೆ, ಮೂರು ಮುಟಿಗೆ. ಆಮೇಲೆ ಕೈ ನಿಂತಿತು. ಸಲ್ವಾರಿನ ಮೇಲೆ ಒದ್ದೆಯ ಕಪ್ಪು ಗೆರೆಯೊಂದು ಇಳಿಯಿತು. ಹಲಗೆಯ ಸಂದಿಯಿಂದ ಕೆಳಗೆ, ಹತ್ತಿಕಾಳಿನ ರಾಶಿಯ ಮೇಲೆ ಹನಿಯತೊಡಗಿತು.

ಮೌನೇಶ ಓಡಿ ಬಂದು ಜಿನ್ನುಗಳನ್ನೆಲ್ಲ ನಿಲ್ಲಿಸಿದ. "ಥೂ ನಿಮ್ಮೌನ. ಎಮ್ಮಿ ಕಟ್ಟೋ ಜಾಗ ಏನಲೇ ಇದು? ಕಾಳು ಎಲ್ಲಾ ಹೊಲಸಾತು. ನಾಳಿಂದ ಈಕಿ ಬರಬಾರದು. ಲೀಡರ್, ಈಕಿ ಹೆಸರು ಬರ್ಕ."

ನಾನು ಬರೆದುಕೊಂಡೆ. ನನ್ನ ಕೈಬರಹ ಚೆನ್ನಾಗಿದೆ. ತಹಸೀನ್ ಎಂದು ದುಂಡಗೆ ಬರೆದೆ.

ಖಾಲಾ ತನ್ನ ಜಾಗ ಬಿಟ್ಟು ಬಂದಳು. ಒಂದು ಹಿಡಿ ಅರಳೆ ತೆಗೆದುಕೊಂಡು ಮೊದಲು ತಹಸೀನಳ ಪಾದ ಒರೆಸಿದಳು, ಆಮೇಲೆ ಹಲಗೆ ಒರೆಸಿದಳು. ಒದ್ದೆ ಅರಳೆಯ ಉಂಡೆ ಹಿಡಿದು ನನ್ನೆದುರು ಹಾದುಹೋಗುವಾಗ ನಿಂತಳು.

"ಕಿಸೇದಾಗಿಂದು ಜ್ವಾಕಿ, ಉಮಾ. ಬಿದ್ದೀತು."

ಬೈಯಲಿಲ್ಲ. ಬೈದಿದ್ದರೆ ನಾನೂ ಬೈಯಬಹುದಿತ್ತು.

ಮರುದಿನ ಮಿಲ್ಲಿನಲ್ಲಿ ನಮಗೆ ತರಬೇತಿ. ನಮ್ಮ ಅರಳೆ ಕೊಳ್ಳುವ ಕಂಪನಿಯ ಮೇಡಂ ಬಂದಿದ್ದರು, ಜೊತೆಗೆ ಪಾಠ ಹೇಳಲು ಒಬ್ಬ ಸರ್. ಕಚೇರಿಯ ಮುಂದೆ ಅವರಿಗೆ ಕುರ್ಚಿ, ನಮಗೆ ತಾಡಪತ್ರಿ. ಮಿಲ್ಲಿನ ಗೇಟಿಗೆ ಬೀಗ. ಗೇಟಿನಾಚೆ ತಹಸೀನ್ ನಿಂತಿದ್ದಳು. ಎಂದಿನಂತೆ ನಮ್ಮ ಟಂಟಂನಲ್ಲೇ ಬಂದಿದ್ದಳು. ಖಾಲಾ ಅವಳ ಮನೆಗೆ ಹೋಗಿ ಕರೆತಂದಿದ್ದಳು.

"ನನಗ ಹೇಳ್ಯಾರವ್ವಾ, ನಾ ಏನ್ ಮಾಡ್ಲಿ," ಎಂದು ವಾಚ್‌ಮನ್ ಗಡಿಗೆಪ್ಪ ಅವಳೊಬ್ಬಳನ್ನೇ ತಡೆದಿದ್ದ.

ಕಂಪನಿಯವರು ತಲೆಗೊಂದು ನೀರಿನ ಬಾಟಲಿ ಹಂಚಿ ಫೋಟೋ ಹೊಡೆದುಕೊಂಡರು. ಯಾರೂ ಮುಚ್ಚಳ ತಿರುವಲಿಲ್ಲ, ಅಭ್ಯಾಸವೇ ತಪ್ಪಿತ್ತು. ಖಾಲಾ ತಿರುವಿದಳು. ಇಡೀ ಬಾಟಲಿಯನ್ನು ನಿಲ್ಲಿಸದೆ ಕುಡಿದು ಪಕ್ಕಕ್ಕಿಟ್ಟಳು. ಬಸವಂತಮ್ಮ ಅವಳ ಮುಖ ನೋಡಿ ತನ್ನದನ್ನೂ ಕುಡಿದಳು. ಹಾಗೆಯೇ ಸಾಲಾಗಿ, ಗಟಗಟ. ಕಂಪನಿಯ ಮೇಡಂ, "ಪಾಪ, ಎಷ್ಟು ಬಾಯಾರಿದಾರೆ," ಅಂದರು.

ಸರ್ ಬೋರ್ಡಿನ ಮೇಲೆ ನಡುವೆ ಗೆರೆ ಎಳೆದರು. "ಈ ಕಡೆ ಮ್ಯಾನೇಜರ್, ಈ ಕಡೆ ಲೀಡರ್. ಮ್ಯಾನೇಜರ್ ಕೆಲಸ ನೋಡ್ತಾನೆ, ಲೀಡರ್ ಮನುಷ್ಯರನ್ನ ನೋಡ್ತಾನೆ. ಮ್ಯಾನೇಜರ್ ಹಿಂದಿನಿಂದ ನೂಕ್ತಾನೆ, ಲೀಡರ್ ಮುಂದೆ ನಡೀತಾನೆ. ಗೊತ್ತಾಯ್ತಾ?"

"ಬೈಯೋದು ಯಾವ ಕಡಿ ಬರ್ತದ್ರೀ?" ಎಂದು ಬಸವಂತಮ್ಮ ಕೇಳಿದಳು.

ಸರ್ ನಕ್ಕರು. ಮೌನೇಶ ನಗಲಿಲ್ಲ. "ನಮ್ಮ ಲೀಡರ್ ಉಮಾಶ್ರೀ ಅದಾಳ್ರಿ ಸರ್. ಬಾಳ ಶಾಣ್ಯಾಕಿ. ಬಾ, ಹೆಂಗ ಟೀಮ್ ನಡಸ್ತೀ ಹೇಳು."

ಎದ್ದು ಹೋದೆ. ಮೇಡಂ ಮೊಬೈಲ್ ಎತ್ತಿ ಹಿಡಿದರು. ಹೇಳಬೇಕಾದದ್ದನ್ನು ಮೌನೇಶ ಹಿಂದಿನ ದಿನವೇ ಬಾಯಿಪಾಠ ಮಾಡಿಸಿದ್ದ. ಶಿಸ್ತು, ಸಮಯ, ಒಗ್ಗಟ್ಟು. ನನ್ನ ಮೂಗಿಗೆ ಒದ್ದೆ ಅರಳೆಯ ವಾಸನೆ ಬಂತು.

"ಎರಡು ಟೋಕನ್ ಅದಾವ್ರಿ. ಒಂದು ಮುಚ್ಚಿಡ್ತೀನ್ರಿ. ನಿನ್ನಿ ಆ ಬಸರಿಗಿ ಸುಳ್ಳು ಹೇಳಿ ಉಚ್ಚಿಗೆ ಬಿಡಲಿಲ್ರಿ. ನಿಂತಲ್ಲೇ ಹೊಯ್ಕೊಂಡ್ಳು. ಆಕಿ ಹೆಸರು ಬರದು ನಾನೇ ಕೆಲಸದಿಂದ ತಗಸೀನ್ರಿ. ಅಲ್ಲಿ ಗೇಟಿಗಿ ನಿಂತಾಳ ನೋಡ್ರಿ. ಹಿಂಗ ನಡಸ್ತೀನ್ರಿ."

ಮೇಡಂ ಮೊಬೈಲ್ ಕೆಳಗಿಳಿಸಿದರು. ಸರ್ ಪೆನ್ನಿನ ಮುಚ್ಚಳ ಹಾಕಿದರು. "ಇದು ಒಳಗಿನ ಆಡಳಿತದ ವಿಷಯ. ಆಮೇಲೆ ಮಾತಾಡೋಣ. ಮುಂದಿನ ಪಾಯಿಂಟ್..."

ಖಾಲಾ ಎದ್ದು ನಿಂತಳು. "ಸರ್, ನಮಗ ಹೋಗಬೇಕಾಗ್ಯದ."

"ಕಾರ್ಯಕ್ರಮ ಮುಗಿಯೋ ತನಕ ಯಾರೂ ಹೋಗಂಗಿಲ್ಲ," ಎಂದ ಮೌನೇಶ.

"ತಹಸೀನನ್ನ ಒಳಗ ಬಿಡ್ರಿ. ನಮಗ ಬೇಕಾದಾಗ ನಾವು ಹೋಗ್ತೀವಿ, ಮೊದಲು ಹೋದಂಗ. ಅಷ್ಟ ಮಾಡ್ರಿ, ನಿಮ್ಮ ಪಾಠ ಸಂಜೀತನ ಕೇಳ್ತೀವಿ."

"ಆಗಂಗಿಲ್ಲ ಅಂದೆ. ಕುಂದ್ರಲೇ ಮುದುಕಿ."

"ಹೂಂ," ಎಂದಳು ಖಾಲಾ. ತಾಡಪತ್ರಿಯಿಂದ ಇಳಿದು ಅಂಗಳದ ಸಿಮೆಂಟಿನ ಮೇಲೆ ಹತ್ತು ಹೆಜ್ಜೆ ನಡೆದಳು. ಕುರ್ಚಿಗಳ ಕಡೆ ಮುಖ ಮಾಡಿ, ಸೀರೆಯ ನೆರಿಗೆ ಸುತ್ತಲೂ ಹರಡಿ, ಕುಕ್ಕರಗಾಲಲ್ಲಿ ಕೂತಳು. ಐದು ಹೊತ್ತು ನಮಾಜು ಮಾಡುವ, ಗಂಡಸಿನೆದುರು ತಲೆಯ ಸೆರಗು ಜಾರಗೊಡದ ಮುನವ್ವರ್ ಬೀ. ಅವಳ ಕಣ್ಣು ಮೌನೇಶನ ಮೇಲಿತ್ತು.

ಬಸವಂತಮ್ಮ ಹೋಗಿ ಪಕ್ಕದಲ್ಲಿ ಕೂತಳು. ಆಮೇಲೆ ಇನ್ನೊಬ್ಬಳು. ಹತ್ತು ಸೀರೆ ಒಂದರ ಅಂಚಿಗೆ ಒಂದು ತಾಗಿಕೊಂಡು ಅಂಗಳದಲ್ಲಿ ಹರಡಿದವು. ಗಡಿಗೆಪ್ಪ ಗೋಡೆಯ ಕಡೆ ತಿರುಗಿ ನಿಂತ.

"ಏನ್ ನೋಡಾಕತ್ತೀದಿ ನೀ? ಎಬ್ಬಿಸು ಅವ್ರನ್ನ," ಎಂದು ಮೌನೇಶ ನನ್ನ ರಟ್ಟೆ ಹಿಡಿದ.

ಕೊಸರಿಕೊಂಡು ಹೋದೆ. ಸಾಲಿನ ಕೊನೆಯಲ್ಲಿ ಕೂತೆ. ಯಾರೂ ಸರಿದು ಜಾಗ ಕೊಡಲಿಲ್ಲ, ಏಳು ಎಂದೂ ಅನ್ನಲಿಲ್ಲ. ಎಷ್ಟು ಹೊತ್ತಾದರೂ ನನಗೆ ಬರಲೇ ಇಲ್ಲ. ಪಕ್ಕದವಳ ಸೀರೆಯ ಕೆಳಗಿಂದ ಬಿಸಿ ಬಂದು ನನ್ನ ಅಂಗಾಲು ತೋಯಿಸಿತು.

ಮಳೆ ನೀರು ಹತ್ತಿಯ ರಾಶಿಗೆ ನುಗ್ಗದಿರಲೆಂದು ಅಂಗಳವನ್ನು ಕಚೇರಿಯ ಕಡೆಗೇ ಇಳಿಜಾರು ಮಾಡಿಸಿದ್ದರು. ಹತ್ತು ಗೆರೆಗಳು ಕೂಡಿ ಒಂದಾಗಿ, ಅರಳೆಯ ಎಳೆಗಳನ್ನು ತೇಲಿಸಿಕೊಂಡು ನಿಧಾನ ಆ ಕಡೆ ಹೊರಟವು. ಮೊದಲು ಮೇಡಂ ಕಾಲೆತ್ತಿಕೊಂಡರು. ಆಮೇಲೆ ಸರ್, ಬೋರ್ಡನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು, ಕುರ್ಚಿಯ ಮೇಲೆ ಹತ್ತಿ ನಿಂತರು.