ಸ್ಕೇಲಣ್ಣನ ಗೆರೆ

ಹೇಳಿಬಿಡಲೇ? ಹೇಳಿದರೂ ಎಲ್ಲಿಂದ ಶುರು ಮಾಡುವುದು? ಕೈಯಿಂದಲೋ, ಕಂಪ್ಯೂಟರಿನಿಂದಲೋ? ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ತಮ್ಮ, ಅಣ್ಣನ ಪರದೆಯನ್ನು ಓರೆಗಣ್ಣಲ್ಲಿ ನೋಡುತ್ತಿದ್ದ. ಅಲ್ಲಿ ಅಣ್ಣ ಎಳೆದ ರೈಲು ಹಳಿಯ ಎರಡು ಗೆರೆಗಳು ಬಿಸಿಲಿಗೆ ಬಿದ್ದ ಎರೆಹುಳುಗಳ ಹಾಗೆ ನುಲಿದುಕೊಂಡಿದ್ದವು.

ಮಕ್ಕಳ ಕಾರ್ಟೂನು ಮಾಡುವ ಸ್ಟುಡಿಯೋ ಅದು. ತಮ್ಮ ಅಲ್ಲಿ ಗೊಂಬೆಗಳನ್ನು ನಡೆಸುತ್ತಿದ್ದ. ಅವು ನಡೆಯುವ ಜಾಗಗಳನ್ನು ಅಣ್ಣ ಬರೆಯುತ್ತಿದ್ದ. ಮೆಟ್ಟಿಲು, ಕಿಟಕಿಯ ಸರಳು, ಆರು ಮೂಲೆಯ ನೆಲದ ಬಿಲ್ಲೆಗಳು. ಎರಡು ಚುಕ್ಕಿ ತೋರಿಸಿದರೆ ಕಂಪ್ಯೂಟರೇ ನೆಟ್ಟಗೆ ಗೆರೆ ಎಳೆದುಕೊಡುತ್ತದೆ. ಅದು ಹೆಣದ ಗೆರೆ ಎನ್ನುತ್ತಿದ್ದ ಅಣ್ಣ. ಡಿಜಿಟಲ್ ಪೆನ್ನು ಹಿಡಿದು, ಉಸಿರು ಕಟ್ಟಿ, ಒಂದೇ ಎಳೆತಕ್ಕೆ ಮುಗಿಸುತ್ತಿದ್ದ. ಪಕ್ಕದಲ್ಲೇ ಇನ್ನೊಂದು. ನಡುವಿನ ಅಂತರ ಆ ತುದಿಯಿಂದ ಈ ತುದಿಗೆ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ಅದಕ್ಕೇ ಸ್ಟುಡಿಯೋದವರು ಅವನಿಗೆ ಸ್ಕೇಲಣ್ಣ ಎಂದು ಹೆಸರಿಟ್ಟಿದ್ದರು. ಗೆರೆ ನೆಟ್ಟಗಿದ್ದರೆ ಸಾಕೇ, ಮನುಷ್ಯನೂ ಸ್ವಲ್ಪ ನೆಟ್ಟಗಿರಬೇಡವೇ ಎಂದು ಅತ್ತಿಗೆ ಛೇಡಿಸುತ್ತಿದ್ದಳು.

ಕೈ ನಡುಗತೊಡಗಿದ್ದು ಹೋದ ವರ್ಷ. ಇದು ಹೋಗುವ ರೋಗವಲ್ಲ, ತಡೆಹಿಡಿಯಬಹುದಷ್ಟೆ, ಮಾತ್ರೆ ತಪ್ಪಿಸಬೇಡಿ ಎಂದರು ಡಾಕ್ಟರು. ಮಾತ್ರೆ ತಿಂದರೆ ಹೊಟ್ಟೆ ತೊಳೆಸಿ ಅಣ್ಣನಿಗೆ ಊಟ ಸೇರುತ್ತಿರಲಿಲ್ಲ. ಎಳೆದು, ಅಳಿಸಿ, ಮತ್ತೆ ಎಳೆದು ಮತ್ತೆ ಅಳಿಸುವ ಅವನ ಬಾಗಿದ ಬೆನ್ನನ್ನು ನೋಡಿಕೊಂಡಿರಲು ತಮ್ಮನಿಂದಾಗಲಿಲ್ಲ. ಸಾಫ್ಟ್‌ವೇರಿನಲ್ಲಿ ಕೈನಡುಕವನ್ನು ಮರೆಮಾಚಿ ಗೆರೆಯನ್ನು ನೆಟ್ಟಗೆ ಮಾಡುವ ಒಂದು ಸೆಟ್ಟಿಂಗ್ ಇತ್ತು. ಅಣ್ಣನದು ಯಾವಾಗಲೂ ಸೊನ್ನೆಯಲ್ಲಿರುತ್ತಿತ್ತು. ಅಂಥದೊಂದು ಇದೆಯೆಂದೂ ಅವನಿಗೆ ಗೊತ್ತಿರಲಿಲ್ಲ. ಕಾಗದದಿಂದ ಬಂದವನಿಗೆ ಕಂಪ್ಯೂಟರ್ ಅಂದರೆ ಎಷ್ಟು ಅಳಿಸಿದರೂ ಸವೆಯದ ಕಾಗದ, ಅಷ್ಟೆ. ಅವನು ಊಟಕ್ಕೆ ಎದ್ದುಹೋದಾಗ ತಮ್ಮ ಅದನ್ನು ತುದಿಯವರೆಗೆ ಎಳೆದಿಟ್ಟ.

ಮಧ್ಯಾಹ್ನ ಗೆರೆ ನೆಟ್ಟಗೆ ಬಂತು. ಪೆನ್ನಿಗಿಂತ ತುಸು ಹಿಂದೆ, ಆದರೆ ನೆಟ್ಟಗೆ.

"ಕಂಪ್ಯೂಟರ್ ಯಾಕೋ ಕುಂಟ್ತಾ ಇದೆ ಕಣೋ," ಅಂದ ಅಣ್ಣ. "ನನಗಿಂತ ಮುಂಚೆ ಇದಕ್ಕೇ ವಯಸ್ಸಾಯ್ತು."

ಬಹಳ ದಿನಗಳ ಮೇಲೆ ನಕ್ಕಿದ್ದ. ಆ ನಗು ಕಂಡು ತಮ್ಮನ ಬಾಯಿಗೆ ಬೀಗ ಬಿತ್ತು.

ಕಾಫಿ ಲೋಟ ಹಿಡಿದರೆ ಈಗಲೂ ತುಳುಕುತ್ತಿತ್ತು. ಅದು ಸುಸ್ತಿಗೆ ಎನ್ನುತ್ತಿದ್ದ ಅಣ್ಣ. ಗೆರೆಯೇ ಸಾಕ್ಷಿ ಹೇಳುವಾಗ ಲೋಟದ ಮಾತು ಯಾರು ಕೇಳುತ್ತಾರೆ? ಒಂದು ದಿನ ಊಟಕ್ಕೆ ಕೂತಾಗ ಅತ್ತಿಗೆ ಖುಷಿಯಿಂದ ಹೇಳಿದಳು, ಕೈ ವಾಸಿಯಾಯಿತೆಂದು ಇವರು ಮಾತ್ರೆ ಬಿಟ್ಟಿದ್ದಾರೆ, ಈಗ ಹೊಟ್ಟೆತುಂಬ ಉಣ್ಣುತ್ತಾರೆ ಎಂದು. ತಮ್ಮ ನಾಳೆ ಹೇಳೋಣ ಅಂದುಕೊಂಡ. ಮಾರನೆಯ ದಿನವೂ ನಾಳೆ ಅಂದುಕೊಂಡ.

ಇವತ್ತು ಬೆಳಿಗ್ಗೆ ಎಲ್ಲ ಕಂಪ್ಯೂಟರುಗಳಿಗೂ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದ್ದರು. ಸೆಟ್ಟಿಂಗುಗಳೆಲ್ಲ ಸೊನ್ನೆಗೆ ಮರಳಿದ್ದವು.

ಅಣ್ಣ ಮತ್ತೊಮ್ಮೆ ಎಳೆದ. ಮೊದಲಿನದಕ್ಕಿಂತ ಕೆಟ್ಟದಾಗಿ ಬಂತು. ಮರೆಯಲ್ಲಿ ರೋಗ ತನ್ನ ಪಾಡಿಗೆ ಬೆಳೆದುಕೊಂಡಿತ್ತು. ಮತ್ತೆ ತುದಿಗೆ ಎಳೆದಿಟ್ಟರೂ ಈ ನಡುಕ ಸೆಟ್ಟಿಂಗಿಗೆ ಜಗ್ಗುವಂಥದಲ್ಲ ಎಂದು ತಮ್ಮನಿಗೆ ಕಂಡಿತು.

ಅಣ್ಣ ಪೆನ್ನನ್ನು ಮೆಲ್ಲಗೆ ಕೆಳಗಿಟ್ಟ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ.

"ಮಾತ್ರೆ ಬಿಟ್ಟಿದ್ದಕ್ಕೆ ಕಣೋ. ವಾಸಿಯಾಗಿದ್ದನ್ನ ನಾನೇ ಕೈಯಾರೆ ಹಾಳು ಮಾಡ್ಕೊಂಡೆ. ಅದರಿಂದ್ಲೇ ಹೀಗಾಯ್ತು ಅಂತ ನಿಮ್ಮತ್ತಿಗೆಗೆ ಹೇಳ್ಬೇಡ."

ತಮ್ಮ ಹೂಂ ಅಂದ.

ಅಣ್ಣ ಎದ್ದು ಮ್ಯಾನೇಜರರ ಕೋಣೆಗೆ ಹೋದ. ಗಾಜಿನಾಚೆ ಅವರು ಕುರ್ಚಿ ತೋರಿಸುವುದು ಕಂಡಿತು, ಅಣ್ಣ ಕೂರಲಿಲ್ಲ. ಇನ್ನು ತನ್ನಿಂದಾಗುವುದಿಲ್ಲ ಎಂದು ಹೇಳಿ ಬಂದವನು ಚೀಲ ಹೆಗಲಿಗೆ ಹಾಕಿಕೊಂಡ. ಆ ಹಳಿ ನೀನೇ ಮುಗಿಸಿಬಿಡು ಎಂದ. ತಮ್ಮ ಎರಡು ಚುಕ್ಕಿ ಇಟ್ಟ. ಕಂಪ್ಯೂಟರ್ ಗೆರೆ ಎಳೆಯಿತು.

ಆ ಕೈ ಒಂದು ದಿನವೂ ವಾಸಿಯಾಗಿರಲಿಲ್ಲ ಎಂದು ಅವನು ಅಣ್ಣನಿಗೆ ಯಾವತ್ತೂ ಹೇಳಲಿಲ್ಲ.