ಸೆಂಟಿನ ಆಯೇರಿ

ಸಾವರ್ಡೆಯ ಅದಿರಿನ ರೇವಿನಲ್ಲಿ ಕೂಲಿಗಳ ಮುಕಾದಮ ಭರಮಣ್ಣನಿಗಿಂತ ಮೊದಲು ಅವನ ಸೆಂಟು ಕೆಲಸಕ್ಕೆ ಬರುತ್ತಿತ್ತು. ಲಾರಿ ತೂಗುವ ಕಾಟಾದ ಪಕ್ಕದ ತಗಡಿನ ಆಫೀಸಿನಿಂದ ಅವನು ಹೊರಟು, ಅದಿರಿನ ಗುಡ್ಡೆಗಳನ್ನು ಬಳಸಿ ನೀರಿನ ಅಂಚಿಗೆ ಬಂದು ಮುಟ್ಟುವಷ್ಟರಲ್ಲಿ, ಸೆಂಟು ಒಂದು ಸುತ್ತು ಹಾಕಿ ಕೂತವರನ್ನೆಲ್ಲ ಎಬ್ಬಿಸಿ ಆಗಿರುತ್ತಿತ್ತು. ನಿಂಬೆಹಣ್ಣು, ಹೊಸ ಚಪ್ಪಲಿ ಮತ್ತು ಆಸ್ಪತ್ರೆಯನ್ನು ಒಂದೇ ಗಡಿಗೆಯಲ್ಲಿ ಕುದಿಸಿದಂಥ ವಾಸನೆ ಅದು.

ವಾಸ್ಕೋದ ಹಡಗಿನವನೊಬ್ಬ ಕೊಟ್ಟ ಆ ಬಾಟಲಿಯ ಡಬ್ಬಿಯ ಮೇಲೆ ಕುದುರೆ ಹತ್ತಿದ ಗಂಡಸಿನ ಚಿತ್ರವಿತ್ತು. ಕೆಳಗಿನ ಇಂಗ್ಲಿಷನ್ನು ಭರಮಣ್ಣ ಆಫೀಸಿನ ಕಾರಕೂನನಿಂದ ಓದಿಸಿ, ಅರ್ಥ ಬಿಡಿಸಿಕೊಂಡು, ಬಾಯಿಪಾಠ ಮಾಡಿದ್ದ. ‘ಇದನ್ನು ಹಚ್ಚಿಕೊಳ್ಳುವ ಗಂಡಸು ಸದ್ದಿಲ್ಲದೆ ಬರುತ್ತಾನೆ. ಅವನು ಅಪ್ಪಣೆ ಕೊಡಲೆಂದೇ ಹುಟ್ಟಿದವನು.’ ಅಪ್ಪಣೆ ಕೊಡಲೆಂದೇ ಹುಟ್ಟಿದವನ ನೆತ್ತಿಯ ಮೇಲೆ, ಗೋಕಾಕದಿಂದ ಬಂದ ಹೊಸತರಲ್ಲಿ ಅದಿರಿನ ಬುಟ್ಟಿ ಹೊತ್ತು ಕೂದಲು ಸವೆದ ಗುಂಡನೆಯ ಜಾಗವೊಂದಿತ್ತು. ಅದನ್ನವನು ಅಡ್ಡ ಬೈತಲೆ ತೆಗೆದು ಮುಚ್ಚುತ್ತಿದ್ದ.

ಸದ್ದಿಲ್ಲದೆ ಬರುವ ಈ ಗಂಡಸಿನಿಂದ ಹೆಚ್ಚು ಉಪಕಾರವಾದದ್ದು ಅದಿರು ಹೊರುವ ಗುರುಪಾದಪ್ಪನ ಮನೆಗೆ. ಅವನ ಹೆಂಡತಿ ನೀಲವ್ವನಿಗೆ ಐದು ತಿಂಗಳ ಕೂಸು. ರೇವಿಗೆ ಕೂಸು ತರಬಾರದೆಂದು ಕಂಪನಿ ಎಲ್ಲೂ ಹೇಳಿರಲಿಲ್ಲ, ಕಂಪನಿಗೂ ಕರುಣೆ ಇತ್ತು. ಕೆಲಸದ ಹೊತ್ತಿನಲ್ಲಿ ಕೂರಬಾರದು ಎಂದಷ್ಟೇ ಹೇಳಿತ್ತು. ತಲೆಯ ಮೇಲೆ ಬುಟ್ಟಿ ಹೊತ್ತು, ಅದಿರು ಸಾಗಿಸುವ ಬಾರ್ಜಿಗೆ ಹಾಕಿದ ಹಲಗೆಯ ಮೇಲೆ ನಡೆಯುತ್ತ ಯಾರಾದರೂ ಮೊಲೆ ಕೊಡುವುದಾದರೆ ಅಡ್ಡಿ ಇರಲಿಲ್ಲ.

ಹೀಗಾಗಿ ಹೆಂಗಸರು ಗುಡ್ಡೆಯ ಮರೆಯಲ್ಲಿ ಪಾಳಿ ಪ್ರಕಾರ ಕೂತು ಕುಡಿಸುತ್ತಿದ್ದರು. ಹಿರಿಯಳಾದ ಮುರುಗೆವ್ವ ಕಾವಲು. ಅವಳು ಮೂಗೆತ್ತಿ, “ಬಂತ್ರೆವ್ವಾ ಘಮಘಮ, ಏಳ್ರಿ” ಅಂದರೆ ಸಾಕು. ಕೂಸು ಗೋಡಂಬಿ ಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಗೆ ಹೋಗುತ್ತಿತ್ತು, ಬುಟ್ಟಿ ತಲೆಗೆ ಬರುತ್ತಿತ್ತು. ಭರಮಣ್ಣ ಬಂದು ನೋಡಿದರೆ ಎಲ್ಲರೂ ದುಡಿಯುತ್ತಿರುತ್ತಿದ್ದರು. ಇದು ತನ್ನ ವ್ಯಕ್ತಿತ್ವದ ಪ್ರಭಾವ ಎಂದು ಅವನು ಮೀಸೆ ಸವರಿಕೊಳ್ಳುತ್ತಿದ್ದ.

ಎಂಬತ್ತೇಳರ ಚಳಿಗಾಲದಲ್ಲಿ ಭರಮಣ್ಣನ ತಾಯಿ ಊರಲ್ಲಿ ತೀರಿಕೊಂಡಳು. ಮಣ್ಣು ಮಾಡಿ ಬಂದವನು ಗಡ್ಡ ಬೋಳಿಸಲಿಲ್ಲ, ತಲೆಗೆ ಎಣ್ಣೆ ಮುಟ್ಟಿಸಲಿಲ್ಲ, ಸೆಂಟಿನ ಬಾಟಲಿಯನ್ನು ಪೆಟ್ಟಿಗೆಗೆ ಹಾಕಿದ. ನೆಂಟರು ಹೊಸ ಬಟ್ಟೆಯ ಆಯೇರಿ ಮಾಡಿ, ತಲೆಗೆ ಪಟಗಾ ಸುತ್ತಿ ದುಃಖ ಬಿಡಿಸುವ ತನಕ ಸಿಂಗಾರ ಮಾಡಿಕೊಳ್ಳಬಾರದು ಎಂಬ ಪದ್ಧತಿ ಅವನ ಕಡೆಗೆ. ಕೆಲಸಕ್ಕೆ ಮಾತ್ರ ಬಂದ. ಕಂಪನಿಯ ಕಡೆಗೆ ಅಂಥ ಪದ್ಧತಿ ಇರಲಿಲ್ಲ.

ಬಂದ ಮೊದಲನೆಯ ದಿನ ಅವನು ಬರಿಗಾಲಲ್ಲಿ, ಖರೇ ಖರೇ ಸದ್ದಿಲ್ಲದೆ ಬಂದ. ಮುರುಗೆವ್ವ ಮೂಗೆತ್ತಿಯೇ ಕೂತಿದ್ದಳು. ನೀಲವ್ವ ತಲೆ ಎತ್ತಿದಾಗ ಎದುರಿಗೆ ಕೆದರಿದ ಗಡ್ಡವೊಂದು ನಿಂತಿತ್ತು.

“ಏನವಾ, ಇದೇನ್ ನಿನ್ನ ತವರುಮನಿ ಕಟ್ಟಿ ಅಂತ ತಿಳದಿಯೇನು?” ಅಂದ ಭರಮಣ್ಣ. “ಇನ್ನೊಮ್ಮೆ ಕುಂತದ್ದು ಕಂಡ್ರ ಗಂಡಾ ಹೆಂಡ್ತಿ ಇಬ್ಬರೂ ಗಂಟು ಕಟ್ರಿ. ಬಾರ್ಜು ನಿಮ್ಮ ಕೂಸಿನ ದಾರಿ ಕಾಯೂದಿಲ್ಲ. ಭರತಿ ನೀರು ಇಳೀತಂದ್ರ ಅದು ಹೊಳ್ಯಾಗ ಕೂಡ್ತೈತಿ, ಮಾಲಕ ನನ್ನ ಎದಿ ಮ್ಯಾಲ ಕೂಡ್ತಾನ.”

ಆಮೇಲೆ ಯಾರೂ ಕೂರಲಿಲ್ಲ. ಯಾವ ಗುಡ್ಡೆಯ ಹಿಂದಿನಿಂದ ಅವನು ಬಂದಾನೋ ತಿಳಿಯುತ್ತಿರಲಿಲ್ಲ. ನೀಲವ್ವನ ಎದೆ ಕಲ್ಲಾಗಿ, ಹಾಲು ಸೋರಿ, ಕುಪ್ಪಸದ ಮೇಲೆ ಕೂತ ಅದಿರಿನ ಧೂಳಿಗೆ ಬೆರೆತು ಕೆಂಪು ಕೆಸರಾಗುತ್ತಿತ್ತು. ಕೂಸು ಜೋಳಿಗೆಯಲ್ಲಿ ಮೊದಮೊದಲು ಚೀರಿತು. ಆಮೇಲೆ ಚೀರುವುದನ್ನೂ ಬಿಟ್ಟಿತು. ಅದರ ತೊಡೆಯ ಮೇಲಿನ ಮಡಿಕೆಗಳು ಒಂದೊಂದಾಗಿ ಮಾಯವಾಗುವುದನ್ನು ಗುರುಪಾದಪ್ಪ ದಿನಾ ಸಂಜೆ ಮುಟ್ಟಿ ನೋಡುತ್ತಿದ್ದ.

“ಕೂಸಿಗೆ ಹಾಲು ಕುಡಸ್ತೇನಿ ಅಂತ ಸೀದಾ ಕೇಳಿದ್ರ ಆಗೂದಿಲ್ಲೇನ್ರಿ?” ಎಂದಳು ನೀಲವ್ವ.

“ಕೇಳಿದ್ರ ಇಲ್ಲ ಅಂತಾನ. ಒಮ್ಮೆ ಇಲ್ಲ ಅಂದ ಮ್ಯಾಲ ಕದ್ದು ಕುಡ್ಸಾಕೂ ಬರೂದಿಲ್ಲ. ತಡಿ, ನನ್ನ ತಲ್ಯಾಗ ಒಂದೈತಿ.”

ಗುರುಪಾದಪ್ಪನ ತಲೆಯಲ್ಲಿದ್ದದ್ದು ಆಯೇರಿ. ಭರಮಣ್ಣನ ಅಣ್ಣತಮ್ಮಂದಿರು ಹೊಲದ ಜಗಳದಲ್ಲಿ ಮಾತು ಬಿಟ್ಟಿದ್ದರು, ಆಯೇರಿ ತರುವವರು ಯಾರೂ ಇರಲಿಲ್ಲ. ಊರ ಕಡೆಯವರಾಗಿ ನಾವೇ ಮಾಡೋಣ, ಧೋತರ, ಪಟಗಾ, ಅದರ ಜೊತೆಗೊಂದು ಸೆಂಟಿನ ಬಾಟಲಿ ಎಂದ.

“ಲೇ ಗುರುಪಾದಾ,” ಅಂದಳು ಮುರುಗೆವ್ವ, “ಬೆಕ್ಕಿಗೆ ಗಂಟಿ ಕಟ್ಟೂದು ಕೇಳೇನಿ. ಗಂಟಿ ತಂದು ಬೆಕ್ಕಿನ ಕಾಲಿಗೆ ಬಿದ್ದು, ಕಟ್ಕೋರಿ ತಾಯಿ ಅನ್ನೂದು ಇವತ್ತ ಕೇಳಿದೆ ನೋಡು.”

ಆದರೂ ಚಂದಾ ಎತ್ತುವಾಗ ಮೊದಲು ಸೆರಗಿನ ಗಂಟು ಬಿಚ್ಚಿದವಳು ಅವಳೇ. ವಾಸ್ಕೋಗೆ ಲಾರಿ ಹೊಡೆಯುವ ಚಾಂದಸಾಬ ಹಡಗಿನ ಸಾಮಾನು ಮಾರುವ ಅಂಗಡಿಯಿಂದ ಅದೇ ಕುದುರೆಯ ಬಾಟಲಿ ತಂದ. “ಅಸಲಿ ಮಾಲು ಐತಿ. ಒಮ್ಮೆ ಹತ್ತಿತಂದ್ರ ತೊಗಲ ಸುಲೀಬೇಕು, ಅಂದ್ರ ಹೋಗ್ತೈತಿ” ಎಂದು ಭರವಸೆ ಕೊಟ್ಟ.

ಒಂದು ದಿನ ಕೆಲಸದ ನಡುವೆ ಗಳಿಗೆ ಹೊತ್ತು ಬಿಡುವು ಕೇಳಿಕೊಂಡು ಗುರುಪಾದಪ್ಪ, ಚಾಂದಸಾಬ ಮತ್ತು ನಾಲ್ಕಾರು ಗಂಡಸರು ಆಯೇರಿಯ ತಟ್ಟೆ ಹಿಡಿದು ತಗಡಿನ ಆಫೀಸಿಗೆ ಹೋದರು. ಗುರುಪಾದಪ್ಪ ಭರಮಣ್ಣನ ತಲೆಗೆ ಪಟಗಾ ಸುತ್ತಿದ. ಸುತ್ತುವಾಗ ಆ ಸವೆದ ಜಾಗ ಬೆರಳಿಗೆ ಹತ್ತಿತು. ಗುರುಪಾದಪ್ಪನ ನೆತ್ತಿಯ ಮೇಲೂ ಅಂಥದ್ದೇ ಒಂದು ತಯಾರಾಗುತ್ತಿತ್ತು.

ಬಾಟಲಿ ಕಂಡದ್ದೇ ಭರಮಣ್ಣ ಗಳಗಳನೆ ಅತ್ತ.

“ಒಡಹುಟ್ಟಿದವರು ಬರಲಿಲ್ಲ, ನೀವು ಬಂದ್ರಿ! ನನ್ನ ಸೆಂಟು ಇಲ್ಲದ ನಿಮಗೂ ಬ್ಯಾಸರ ಆಗಿತ್ತೇನ್ರೋ?”

“ಭಾಳ ಆಗಿತ್ರಿ ಮುಕಾದಮರ,” ಅಂದ ಗುರುಪಾದಪ್ಪ. “ಹೆಣ್ಣಮಕ್ಕಳಿಗಂತೂ ಭಾಳ ಆಗಿತ್ರಿ. ನೀವು ಯಾವಾಗ ಬರ್ತೀರಿ, ಯಾವಾಗ ಹೋಗ್ತೀರಿ, ಒಂದೂ ತಿಳೀಲಿಲ್ರಿ.”

“ಮನಶಾನ ಗುಣಾ ಮನಶಾಗ ಗೊತ್ತು,” ಎಂದ ಭರಮಣ್ಣ. ಮುಚ್ಚಳ ತಿರುವಿ ಕುತ್ತಿಗೆಗೆ, ಕಂಕುಳಿಗೆ, ಹೊಸ ಧೋತರಕ್ಕೆ ಸುರಿದುಕೊಂಡ. ಅಷ್ಟಕ್ಕೇ ಬಿಡದೆ, ಬೇಡ್ರಿ ಬೇಡ್ರಿ ಅನ್ನುತ್ತಿದ್ದ ಗುರುಪಾದಪ್ಪನ ಎದೆಗೂ ಬೊಗಸೆಗಟ್ಟಲೆ ಹಚ್ಚಿ, ಗಟ್ಟಿಯಾಗಿ ತಬ್ಬಿಕೊಂಡ. “ಇವತ್ತಿನಿಂದ ನೀ ನನ್ನ ತಮ್ಮ.”

ಗುರುಪಾದಪ್ಪ ಗೆದ್ದಿದ್ದ. ಸುದ್ದಿ ಹೇಳಲೆಂದು ಗುಡ್ಡೆಗಳ ನಡುವೆ ಹೆಚ್ಚುಕಡಿಮೆ ಓಡಿದ. ಮುಕಾದಮ ಪಟಗಾ ಸುತ್ತಿಸಿಕೊಳ್ಳುತ್ತ ಕೂತಿದ್ದಾನೆಂಬ ಧೈರ್ಯದಿಂದ ಅತ್ತ ನೀಲವ್ವ ಬಹಳ ದಿನಗಳ ಮೇಲೆ ನೆಟ್ಟಗೆ ಕೂತು ಕುಡಿಸುತ್ತಿದ್ದಳು.

ಗುಡ್ಡೆಯ ತಿರುವಿನಲ್ಲಿ ಅವನಿಗೆ ಮುರುಗೆವ್ವನ ದನಿ ಕೇಳಿತು. “ಬಂತ್ರೆವ್ವಾ! ಏಳ್ರಿ!” ಅವನು ತಿರುಗಿ ನೋಡಿದ, ಹಿಂದೆ ಯಾರೂ ಇರಲಿಲ್ಲ. ಮುಂದೆ ಹೋದಾಗ ಮುದುಕಿ ಬುಟ್ಟಿ ಹೊತ್ತು ಎತ್ತಲೋ ಹೊರಟಿದ್ದಳು, ಬೇರೆಯವರು ಸಲಿಕೆ ಹಿಡಿದು ನೆಲ ನೋಡುತ್ತಿದ್ದರು. ನೀಲವ್ವ ಸೆರಗು ಹೊದೆಯಲು ತಡಬಡಿಸುತ್ತಿದ್ದಳು. ಆದರೆ ಗುರುಪಾದಪ್ಪ ನೋಡಿದ್ದು ಕೂಸನ್ನು. ಅದನ್ನು ಯಾರೂ ಎಳೆದು ಬಿಡಿಸಿರಲಿಲ್ಲ. ವಾಸನೆ ಬಂದದ್ದೇ ಅದು ತಾನಾಗಿ ಮೊಲೆ ಬಿಟ್ಟಿತ್ತು. ತುಟಿಯ ಮೇಲೆ ಹಾಲಿನ ಹನಿ ಇಟ್ಟುಕೊಂಡು, ಅಳದೆ, ಜೋಳಿಗೆಗೆ ಹಾಕುವುದನ್ನೇ ಕಾಯುತ್ತಿತ್ತು. ಅದಕ್ಕಿನ್ನೂ ಹಲ್ಲು ಬಂದಿರಲಿಲ್ಲ. ಕಂಪನಿಯ ಶಿಸ್ತು ಬಂದಿತ್ತು.

“ಮುಕಾದಮ ಅಲ್ಲ, ನಾನ,” ಅಂದ ಗುರುಪಾದಪ್ಪ.

“ನೀವು ಅಂತ ಹ್ಯಾಂಗ ತಿಳೀಬೇಕು?” ಅಂದಳು ನೀಲವ್ವ.

ಅವನು ಕೈ ಚಾಚಿದ. ಕೂಸು ಮುಖ ತಿರುವಿತು. “ದೂರ ನಿಂದರ್ರಿ,” ಎಂದಳು ಅವಳು. ಸಿಟ್ಟಿನಿಂದ ಹೇಳಲಿಲ್ಲ. ಮುಕಾದಮನಿಗೆ ಹೇಳಲಾಗದ್ದನ್ನು ಹೇಳಲು ಒಬ್ಬ ಸಿಕ್ಕನಲ್ಲ ಎಂಬಂತೆ ಹೇಳಿದಳು.

ಸಂಜೆ ಅವನು ಹೊಳೆಗಿಳಿದು ಬಟ್ಟೆ ಒಗೆಯುವ ಸಾಬೂನಿನಿಂದ ಎದೆ ತಿಕ್ಕಿದ. ತೆಂಗಿನ ನಾರಿನಿಂದ ತಿಕ್ಕಿದ. ಅದಿರಿನ ಮಣ್ಣು ಹೋಯಿತು, ಸೆಂಟು ಉಳಿಯಿತು. ದಂಡೆಯ ಮೇಲೆ ಬೀಡಿ ಸೇದುತ್ತಿದ್ದ ಚಾಂದಸಾಬ, “ನಾ ಹೇಳಿದ್ದಿಲ್ಲೇನೋ, ಅಸಲಿ ಮಾಲು” ಎಂದ. ಅಂದು ಕೂಸು ಅಪ್ಪನ ಹತ್ತಿರ ಬರಲಿಲ್ಲ, ಗುರುಪಾದಪ್ಪ ಬಾಗಿಲ ಹೊರಗೆ ಗೋಣಿಚೀಲ ಹಾಸಿಕೊಂಡ.

ಮರುದಿನ ಬಾರ್ಜು ಅರ್ಧ ತುಂಬಿತ್ತು, ನೀರು ಇಳಿಯುವ ಹೊತ್ತು ಹತ್ತಿರವಾಗಿತ್ತು. ಗುಡ್ಡೆಯ ಮರೆಯಲ್ಲಿ ನೀಲವ್ವ ಕೂಸಿಗೆ ಮೊಲೆ ಕೊಟ್ಟಿದ್ದಳು. ಮುರುಗೆವ್ವ ಮೂಗೆತ್ತಿದಳು. ಬೆಕ್ಕಿನ ಗಂಟೆ ಚೆನ್ನಾಗಿಯೇ ಬಡಿಯುತ್ತಿತ್ತು, ಮೊದಲಿಗಿಂತ ಜೋರಾಗಿ.

“ಬಂತವ್ವಾ. ಏಳ್ರಿ.”

ಕೂಸು ಮೊಲೆ ಬಿಟ್ಟಿತು. ನೀಲವ್ವ ಅದರ ತಲೆಯ ಹಿಂದೆ ಕೈಯಿಟ್ಟು ಮತ್ತೆ ಎದೆಗೆ ಒತ್ತಿಕೊಂಡಳು. “ಕುಡಿ,” ಎಂದಳು. ಕೂಸು ಅವಳ ಮುಖ ನೋಡಿತು. “ಕುಡೀ ಅಂದೆ.”

“ಏ ಹುಡುಗಿ, ಗಂಟು ಕಟ್ಟಸ್ತಾನ ಅಂವ!” ಎಂದಳು ಮುರುಗೆವ್ವ.

“ಕಟ್ಟಸ್ಲಿ.”

ಹಲಗೆಯ ಕಡೆ ಹೊರಟಿದ್ದ ಗುರುಪಾದಪ್ಪ ಇದನ್ನು ಕಂಡು ನಿಂತ. ತುಂಬಿದ ಬುಟ್ಟಿಯನ್ನು ನಿಧಾನವಾಗಿ ಕೆಳಗಿಟ್ಟ. ಬಂದು, ಕೂಸಿಗೆ ತನ್ನ ವಾಸನೆ ಬಡಿಯದಷ್ಟು ದೂರ ನೋಡಿಕೊಂಡು, ಹೆಂಡತಿಯ ಸಾಲಿಗೆ ಕೂತ.

ಭರಮಣ್ಣ ತಿರುವು ದಾಟಿ ಬಂದ. ಗುರುಪಾದಪ್ಪನನ್ನು ಕಂಡು ಮೊದಲು ನಕ್ಕ. ನೀಲವ್ವನನ್ನು ಕಂಡ ಮೇಲೆ ಆ ನಗೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

“ತಮ್ಮಾ, ಏನಿದು?”

“ಹಾಲು ಕುಡಸಾಕತ್ತಾಳ್ರಿ.”

“ಕೆಲಸ?”

“ಕೂಸು ಕುಡದ ಮ್ಯಾಲ್ರಿ.”

“ನಿನ್ನಿ ಆಯೇರಿ ಮಾಡಿ, ಇವತ್ತ ನನ್ನ ಮಾತು ಮುರದು ಕುಂದರ್ತೀಯೇನಲೇ? ಇಬ್ಬರೂ ಗಂಟು ಕಟ್ರಿ!”

ಮುರುಗೆವ್ವ ಹಲಗೆಯ ಅರ್ಧದವರೆಗೆ ಹೋಗಿದ್ದಳು. ಅಲ್ಲಿಂದಲೇ ಹೊರಳಿದಳು. ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಎಲೆಅಡಿಕೆಯ ಚೀಲ ಬಿಚ್ಚಿದಳು. “ನಂದೂ ಗಂಟು ಕಟ್ರಿ ಮುಕಾದಮರ. ಸಣ್ಣದೈತಿ.” ಅವಳನ್ನು ನೋಡಿ ಇನ್ನೊಬ್ಬಳು ಕೂತಳು. ಸಲಿಕೆಗಳ ಸದ್ದು ನಿಂತಿತು. ಗುಂಪಿನಲ್ಲಿ ನಿಂತಿದ್ದವನು ಭರಮಣ್ಣ ಒಬ್ಬನೇ ಆದ.

“ಅಲ್ರೋ, ಆ ಆಯೇರಿ…” ಎಂದ ಅವನು. ದನಿ ಸಣ್ಣಗಾಗಿತ್ತು.

“ದುಃಖದ ಮನಿ ಅಂತ ಧೋತರ ತಂದ್ವಿ,” ಎಂದ ಗುರುಪಾದಪ್ಪ. “ಸೆಂಟು ಮಾತ್ರ, ನೀವು ಬರೂದು ನಮಗ ಮೊದಲ ಗೊತ್ತಾಗ್ಲಿ ಅಂತ ತಂದಿದ್ವಿ. ಮೊದಲಿನಿಂದಾನೂ ಹಂಗ ಗೊತ್ತಾಗ್ತಿತ್ರಿ. ಇನ್ನ ಮ್ಯಾಲ ನೀವು ಹಚ್ಚಿಕೊಂಡರೂ ಅಷ್ಟ, ಬಿಟ್ಟರೂ ಅಷ್ಟ.”

ಹೊಳೆಯಲ್ಲಿ ಬಾರ್ಜಿನವನು ಭೋಂಗಾ ಊದಿದ. ಭರಮಣ್ಣ ಆ ಕಡೆ ನೋಡಿದ, ಈ ಕಡೆ ನೋಡಿದ. ಆಮೇಲೆ ಯಾರೂ ನೋಡುತ್ತಿಲ್ಲ ಎಂದುಕೊಂಡು, ತೋಳನ್ನು ಮೂಗಿನ ಹತ್ತಿರ ತಂದು ಮೂಸಿಕೊಂಡ.

ಕೂಸು ಕಣ್ಣಿನ ತುದಿಯಲ್ಲಿ ಅವನನ್ನೊಮ್ಮೆ ನೋಡಿತು. ಸ್ವಲ್ಪ ಹೊತ್ತು ಅನುಮಾನ ಮಾಡಿತು. ಅಮ್ಮ ಏಳದೆ ಇರುವುದನ್ನು ಕಂಡು ಮತ್ತೆ ಬಾಯಿ ಹಾಕಿತು. ಬಾರ್ಜು ಎರಡನೆಯ ಸಲ ಊದಿತು. ಕೂಸು ನಿಧಾನವಾಗಿ ಕುಡಿಯಿತು.