ಕಳ್ಳ ಕುಬಸ

ನಮ್ಮ ಮನೆಯಲ್ಲಿ ನನ್ನ ಮುಟ್ಟಿನ ಲೆಕ್ಕ ಇಡುವವಳು ನಾನಲ್ಲ, ಅತ್ತೆ ಈರಮ್ಮ. ಆ ದಿನಗಳಲ್ಲಿ ನಾನು ದೇವರ ಜಗಲಿಯ ಹತ್ತಿರ ಸುಳಿಯುವಂತಿಲ್ಲ. ದೀಪ ಹಚ್ಚುವ ಕೆಲಸ ಅವರ ಪಾಲಿಗೆ ಬರುತ್ತದೆ. ಹಾಗಾಗಿ ನನ್ನ ಮೈಯ ಸುದ್ದಿ ಅವರಿಗೆ ಮೊದಲು ಗೊತ್ತಾಗುತ್ತಿತ್ತು. ಈ ಸಲ ಮಾತ್ರ ಅವರ ಲೆಕ್ಕ ತಪ್ಪಿತು.

ಬೇಸಿಗೆ ಶುರುವಾದಾಗಿನಿಂದ ಒಂದು ದಿನವೂ ತಪ್ಪದೆ ದೀಪ ನಾನೇ ಹಚ್ಚುತ್ತಿದ್ದೆ. ಅತ್ತೆ ಏನೂ ಕೇಳಲಿಲ್ಲ. ನನ್ನ ತಾಟಿಗೆ ತುಪ್ಪ ಹೆಚ್ಚಾಯಿತು, ತುಂಬಿದ ಕೊಡ ಎತ್ತಬೇಡ ಎಂದರು. ವಯಸ್ಸಾಗುತ್ತ ಮುದುಕಿ ಮೆತ್ತಗಾಗಿದ್ದಾಳೆ ಅಂದುಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಹೋದ ವರ್ಷದಿಂದಲೇ ಏರುಪೇರಾಗಿದ್ದ ಮುಟ್ಟು ಪೂರ್ತಿ ನಿಂತಾಗ ನಾನೂ ಆಸೆಪಟ್ಟು ಗಾಂಧಿನಗರದ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಮದುವೆಯಾಗಿ ಹನ್ನೆರಡು ವರ್ಷ, ಮಕ್ಕಳಿಲ್ಲ. ಆಸೆ ಯಾರಪ್ಪನ ಮಾತು ಕೇಳುತ್ತದೆ. ಆಕೆ ತಿಂಗಳು ಬಿಟ್ಟು ಎರಡು ಸಲ ರಕ್ತ ಪರೀಕ್ಷೆ ಮಾಡಿಸಿ ಹೇಳಿದರು. ಬಸುರಲ್ಲ. ಮುಟ್ಟು ನಿಲ್ಲುವ ಕಾಲ ನಿಮಗೆ ಮೂವತ್ತೇಳಕ್ಕೇ ಬಂದಿದೆ. ಕೆಲವರಿಗೆ ಹೀಗಾಗುತ್ತದೆ, ಕಾರಣ ಯಾವಾಗಲೂ ಸಿಗುವುದಿಲ್ಲ, ನಿಮ್ಮ ತಪ್ಪೇನಿಲ್ಲ. ಮಗು ನಿಲ್ಲುವುದು ಬಹಳ ಕಷ್ಟ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅಳುವುದನ್ನೆಲ್ಲ ಅತ್ತು ಮುಗಿಸಿ ಮನೆಗೆ ಬಂದೆ.

ಗಂಡ ಹುಲುಗೇಶನಿಗೆ ಅಂದೇ ಹೇಳಿದೆ. ಅವನು ನನ್ನ ಕೈ ಹಿಡಿದುಕೊಂಡ. ಆಮೇಲೆ, “ಅವ್ವಗ ನಾ ಹೇಳ್ತೀನಿ ಬಿಡು, ನಾಳಿ” ಅಂದ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ನನ್ನ ಗಂಡನ ನಾಳೆಗಳಿಗೆ ಇಡೀ ಬಳ್ಳಾರಿ ಹಾಳಾಗಬೇಕಿತ್ತು. ಅವನಿಗೆ ಹೆದರಿಕೆ, ನನಗೆ ಇನ್ನೂ ದೊಡ್ಡ ಹೆದರಿಕೆ. ಕುರುಗೋಡಿನಲ್ಲಿರುವ ಅತ್ತೆಯ ತಂಗಿ ಸುಂಕಮ್ಮ ಇವನಿಗೆ ಎರಡನೇ ಸಂಬಂಧ ನೋಡಿಟ್ಟಿದ್ದಳು. “ಈ ಬ್ಯಾಸಗಿ ಕಳೀಲಿ, ನೋಡೂನು” ಎಂದು ಅತ್ತೆ ಫೋನಿನಲ್ಲಿ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೆ.

ಒಂದು ಶುಕ್ರವಾರ ಬೆಳಿಗ್ಗೆ ಸಿರುಗುಪ್ಪದಿಂದ ನನ್ನ ಅವ್ವ ದುರುಗಮ್ಮ ಬಂದಳು. ಚೀಲದಲ್ಲಿ ಕರಿಗಡುಬಿನ ಡಬ್ಬಿ, ಅದರ ಕೆಳಗೆ ಹಸಿರು ಖಣ. ಹುಲುಗೇಶ ಅದನ್ನು ನೋಡಿದವನೇ, ನಾವು ಹೊಲಿಯುವ ಜೀನ್ಸ್ ಪ್ಯಾಂಟುಗಳಿಗೆ ಜಿಪ್ಪು ತರಬೇಕೆಂದು ಬ್ರೂಸ್‌ಪೇಟೆಗೆ ಗಾಡಿ ಹೊಡೆದ. ಅತ್ತೆ ಬಾಗಿಲು ಹಾಕಿ ಜಗಲಿಯ ಮುಂದೆ ಮಣೆ ಇಟ್ಟರು.

ಆಗ ನನಗೆ ತಿಳಿಯಿತು. ನಮ್ಮ ಕಡೆ ಮೂರನೇ ತಿಂಗಳಲ್ಲಿ ತವರಿನವರು ಸದ್ದಿಲ್ಲದೆ ಬಂದು ಬಸುರಿಗೆ ಕುಬಸ, ಅಂದರೆ ರವಿಕೆಯ ಖಣ, ಕೊಡುತ್ತಾರೆ. ಕೆಟ್ಟ ಕಣ್ಣು ಬೀಳಬಾರದೆಂದು ಯಾರೂ ಆ ಮಾತನ್ನು ಬಾಯಿಬಿಟ್ಟು ಆಡುವುದಿಲ್ಲ. ಅದಕ್ಕೇ ಅದು ಕಳ್ಳ ಕುಬಸ. ಅತ್ತೆ ಗುಟ್ಟಾಗಿ ಅವ್ವನನ್ನು ಕರೆಸಿದ್ದರು. ಇಬ್ಬರೂ ಎಷ್ಟು ಶಾಸ್ತ್ರೋಕ್ತವಾಗಿ ಬಾಯಿ ಕಟ್ಟಿಕೊಂಡಿದ್ದರೆಂದರೆ, ನನ್ನನ್ನೂ ಒಂದು ಮಾತು ಕೇಳಿರಲಿಲ್ಲ.

“ಕೂಡವಾ, ಜಯಶ್ರೀ,” ಎಂದರು ಅತ್ತೆ. ಇಷ್ಟು ಮೆಲ್ಲಗೆ ಅವರು ನನ್ನ ಹೆಸರು ಕರೆದದ್ದೇ ಇಲ್ಲ.

ಕೂತುಬಿಡೋಣ ಅನ್ನಿಸಿತು. ಸುಳ್ಳಾದರೂ ಸರಿ, ಒಮ್ಮೆ ಆ ಮಣೆಯ ಮೇಲೆ ಕೂರಬೇಕು ಅನ್ನಿಸಿತು. ಅವ್ವನ ಮುಖ ನೋಡಿದೆ, ಕೂರಲಾಗಲಿಲ್ಲ.

“ಅತ್ತಿ, ನಾ ಬಸರಿ ಅಲ್ರಿ. ಮುಟ್ಟು ನಿಂತೈತಿ. ನಿಮಗ ನಿಂತೈತಲ್ರಿ, ಹಂಗ. ಡಾಕ್ಟ್ರು ಹೇಳ್ಯಾರ, ನಿಮ್ಮ ಮಗಗೂ ಗೊತ್ತೈತಿ.”

ಅತ್ತೆ ಆ ಮಣೆಯ ಮೇಲೆ ತಾವೇ ಕೂತರು. “ಅದಕ್ಕ ಓಡಿದ ಅವ, ಜಿಪ್ಪು ತರಾಕ,” ಎಂದರು. ಅವ್ವ ಕಣ್ಣೊರೆಸಿಕೊಳ್ಳುತ್ತ ಖಣವನ್ನು ಚೀಲಕ್ಕೆ ಹಾಕತೊಡಗಿದಳು. ಅಷ್ಟರಲ್ಲಿ ನನಗೆ ಮುಟ್ಟು ನಿಂತಾಗಿನಿಂದ ಕಾಡುವ ಆ ಹಾಳು ಬಿಸಿ ಎದ್ದಿತು, ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ. ಸೆರಗಿನಿಂದ ಬೀಸಿಕೊಂಡೆ. ಅತ್ತೆ ದಿಟ್ಟಿಸಿ ನೋಡಿದರು. ಐದಾರು ವರ್ಷದಿಂದ ಕೂಲರಿನ ಮುಂದಿನ ಜಾಗವನ್ನು ಯಾರಿಗೂ ಬಿಡದೆ ಕೂತಿರುವವರು ಅವರು.

“ರಾತ್ರಿನೂ ಬರ್ತೈತೇನು?”

“ಹೂಂ. ಹಾಸಿಗಿ ತೊಯ್ತೈತಿ.”

“ನಂದೂ ತೊಯ್ತಿತ್ತು. ಯಾರ ಮುಂದ ಹೇಳೂದು,” ಎಂದರು.

ಅವರ ಫೋನು ಹೊಡೆದುಕೊಂಡಿತು. ಸುಂಕಮ್ಮ. ಹೆಣ್ಣಿನ ಕಡೆಯವರು ಕಾಯುವುದಿಲ್ಲವಂತೆ, ಬ್ಯಾಸಗಿ ಕಳೀತಲ್ಲ ಅನ್ನುವುದು ನನಗೂ ಕೇಳಿಸಿತು.

“ಬಸರೂ ಇಲ್ಲ, ಏನೂ ಇಲ್ಲ, ಸುಂಕಿ,” ಎಂದರು ಅತ್ತೆ. “ಅಕಿಗೆ ಮುಟ್ಟು ನಿಂತೈತಿ, ನನ್ನಂಗ. ಇನ್ನ ಮಕ್ಕಳಾಗಂಗಿಲ್ಲ.” ತುಸು ಹೊತ್ತು ಆ ಕಡೆಯ ಮಾತು ಕೇಳಿಸಿಕೊಂಡರು. “ಹೆಣ್ಣು ಅಷ್ಟು ಚಲೋ ಇದ್ರ ನಿನ್ನ ಮಗಗ ತಂದ್ಕೊ. ನಮ್ಮನಿಗೆ ಸೊಸಿ ಅದಾಳ.”

ಫೋನಿಟ್ಟು, ಅವ್ವನ ಚೀಲದಿಂದ ಖಣ ಎಳೆದುಕೊಂಡರು. “ಮಗಳಿಗೆ ತಂದದ್ದು ಹಿಂದಕ್ಕ ಒಯ್ತಾರೇನ್ರಿ, ಬೀಗ್ತಿ,” ಎಂದು ಅದನ್ನು ನನ್ನ ಕೈಯಲ್ಲಿಟ್ಟರು.

“ಹೊಲ್ಕೊ. ಕಂಕುಳದಾಗ ಸಡ್ಲ ಇಡು. ಬೆವರು ಭಾಳ ಬರ್ತೈತಿ.”